ದನದ ಮೇವೂ ಗೋಮಾಂಸದ ಗುಣವೂ

ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ ಎಂಬುದೂ, ಮಳೆಗಾಲದಲ್ಲಿ ಹಸುರು ಮೇದ ಹಸುವಿನ ಬೆಣ್ಣೆಗೆ ಬರುವ ಬಣ್ಣ ಬೇಸಗೆಯಲ್ಲಿ ಒಣಹುಲ್ಲು ತಿಂದ ಅದೇ ಹಸುವಿನ ಬೆಣ್ಣೆಗೆ ಬರುವುದಿಲ್ಲವೆಂಬುದೂ ನಮ್ಮ ನಾಡಿನಲ್ಲಿ ಕರಾವು ಕಟ್ಟಿಕೊಂಡಿರುವ ಮನೆಯವರಿಗೆಲ್ಲ ತಿಳಿದ ಸಂಗತಿಗಳು. ಪಶುವು ತಿಂದ ಆಹಾರ ಅದರ ಹಾಲಿನಲ್ಲಿ ತೋರುವಂತೆ ಮಾಂಸದಲ್ಲಿಯೂ ತೋರುವುದೇ, ತೋರಿದರೆ ಎಷ್ಟರ ಮಟ್ಟಿಗೆ, ಎಂಬ ಪ್ರಶ್ನೆಯು ಗೋಮಾಂಸದ ವ್ಯಾಪಾರವು ಹಿರಿದಾಗಿ ನಡೆಯುವ ದೇಶಗಳಲ್ಲಿ ಬಹುಕಾಲದಿಂದ ವಿಚಾರಕ್ಕೆ ಬಂದಿದೆ. ಅಮೆರಿಕಾ ಸಂಯುಕ್ತಸಂಸ್ಥಾನದ ಅಂಗಡಿಗಳಲ್ಲಿ ‘ಗ್ರಾಸ್ ಫೆಡ್’ ಎಂದು ಅಚ್ಚುಹಾಕಿದ ಪೊಟ್ಟಣಕ್ಕೆ ಬೇರೆ ಪೊಟ್ಟಣಗಳಿಗಿಂತ ಹೆಚ್ಚಿನ ಬೆಲೆ. ಕೊಳ್ಳುವವನು ಆ ಹೆಚ್ಚಿನ ಹಣವನ್ನು ತೆರುವುದು ಒಂದು ಮಾತನ್ನು ನಂಬಿ. ಆ ಮಾತಿನ ಹಿಂದೆ ಇರುವ ವಸ್ತುವೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ವಾಚಕರಲ್ಲಿ ಈ ಮಾಂಸವನ್ನು ಉಣ್ಣುವವರೂ ಉಣ್ಣದವರೂ ಇರಬಹುದು. ವಿಚಾರ ಇಬ್ಬರಿಗೂ ಒಂದೇ.

ಮೊದಲು ಶಬ್ದದ ಮಾತು. ‘ಗ್ರಾಸ್ ಫೆಡ್’ ಎಂಬುದನ್ನು ‘ಹುಲ್ಲು ಮೇದ’ ಎಂದು ತಿರುಗಿಸಿದರೆ ಪದಾರ್ಥಕ್ಕೆ ಕುಂದಿಲ್ಲ. ತಾತ್ಪರ್ಯ ಮಾತ್ರ ಜಾರಿಹೋಗುವುದು. ಕನ್ನಡದಲ್ಲಿ ಗೋಮಾಳದಲ್ಲಿ ಬೆಳೆದು ನಿಂತ ಹಸುರೂ ಹುಲ್ಲೇ, ಬತ್ತ ಬಡಿದ ಮೇಲೆ ಬಣವೆ ಒಟ್ಟುವುದೂ ಹುಲ್ಲೇ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರುಗಳಿವೆ. ಹಸುರಾಗಿರುವಾಗಲೇ ಕೊಯ್ದು ಒಣಗಿಸಿ ಕೂಡಿಟ್ಟ ಮೇವಿಗೆ ಮೂರನೆಯ ಹೆಸರೊಂದುಂಟು. ಮಾಂಸದ ಗುಣವನ್ನು ಬದಲಿಸುವ ದ್ರವ್ಯಗಳು ಇರುವುದಾದರೋ ಹಸುರಿನಲ್ಲಿ. ಎಲೆಯ ಹಳದಿ ವರ್ಣದ್ರವ್ಯವಾದ ಕ್ಯಾರೊಟೀನ್, ಈ-ಜೀವಸತ್ತ್ವ, ಲಿನೋಲೆನಿಕ್ ಎಂಬ ಎಣ್ಣೆಯ ಆಮ್ಲ, ಈ ಮೂರೂ ಹಸಿಯೆಲೆಯಲ್ಲಿ ತುಂಬಿರುತ್ತವೆ; ಬಿಸಿಲಿನಲ್ಲಿ ಒಣಗಿದಂತೆಲ್ಲ ಇಳಿದುಹೋಗುತ್ತವೆ; ಬತ್ತದ ಹುಲ್ಲಿನಲ್ಲಿ ಹೆಸರಿಗೆ ಮಾತ್ರ ಉಳಿಯುತ್ತವೆ. ಆದುದರಿಂದ ಕನ್ನಡದಲ್ಲಿ ಇದನ್ನು ‘ಹಸುರು ಮೇದ ದನದ ಮಾಂಸ’ ಎನ್ನುವುದೇ ಯುಕ್ತವೆಂದು ತೋರುತ್ತದೆ. ಇನ್ನೊಂದು ಕಡೆಯಿಂದಲೂ ಈ ಇಂಗ್ಲಿಷ್ ಮಾತು ಸಡಿಲವಾದುದು. ಕಾಳು ತಿಂದು ಕೊಬ್ಬಿದ ಅಮೆರಿಕಾದ ದನವೂ ತನ್ನ ಆಯುಸ್ಸಿನ ಹೆಚ್ಚಿನ ಭಾಗವನ್ನು ಕಳೆದಿರುವುದು ಹುಲ್ಲುಗಾವಲಿನಲ್ಲಿಯೇ. ಭೇದವಿರುವುದೆಲ್ಲ ಕೊನೆಯ ನಾಲ್ಕಾರು ತಿಂಗಳುಗಳಲ್ಲಿ.

ತಿಂದುದು ಹೇಗೆ ಮೈಯಾಗುವುದೆಂಬುದನ್ನು ತಿಳಿಯಲು ದನವನ್ನು ಹಂದಿಯೊಡನೆ ಹೋಲಿಸಿ ನೋಡಬೇಕು. ಹಂದಿಗೆ ನಮ್ಮಂತೆಯೇ ಒಂದು ಜಠರ. ಅದಕ್ಕೆ ಕಡಲೆಕಾಯಿಯನ್ನು ಹೇರಳವಾಗಿ ತಿನ್ನಿಸಿದರೆ ಅದರ ಕೊಬ್ಬು ಕಡಲೆಕಾಯಿಯ ಎಣ್ಣೆಯಂತೆಯೇ ಮೆತ್ತಗಾಗುವುದು. ಅಮೆರಿಕಾದ ದಕ್ಷಿಣ ಪ್ರಾಂತಗಳಲ್ಲಿ ಇಂತಹ ಮೆತ್ತನೆಯ ಹಂದಿಮಾಂಸವು ವರ್ತಕರಿಗೆ ದೊಡ್ಡ ತಲೆನೋವಾಗಿದ್ದಿತು. ದನಕ್ಕೆ ಅದೇ ಕಡಲೆಕಾಯಿಯ ಹಿಂಡಿಯನ್ನು ಎಷ್ಟು ಹಾಕಿದರೂ ಅದರ ಕೊಬ್ಬು ಗಟ್ಟಿಯಾಗಿಯೇ ಇರುವುದು. ಕಾರಣವೇನೆಂದರೆ, ಮೆಲುಕುಹಾಕುವ ಪ್ರಾಣಿಗಳ ಹೊಟ್ಟೆಗೆ ನಾಲ್ಕು ಕೋಣೆಗಳು. ಅವುಗಳಲ್ಲಿ ಮೊದಲನೆಯದಾದ ಹಿರಿಯ ಚೀಲವು ದೊಡ್ಡ ಹಸುವಿನಲ್ಲಿ ನೂರು ಲೀಟರನ್ನೂ ಮೀರಿ ಹಿಡಿಯುವುದು. ಅದು ಜೀರ್ಣರಸಗಳ ಪಾತ್ರೆಯಲ್ಲ, ಹುಳಿಯ ಮಡಕೆ. ಅದರೊಳಗೆ ಎಣಿಕೆಗೆ ಸಿಕ್ಕದಷ್ಟು ಸೂಕ್ಷ್ಮಜೀವಿಗಳು ಗಾಳಿಯಿಲ್ಲದೆ ಬಾಳುತ್ತ, ನಮಗಾಗಲಿ ಹಂದಿಗಾಗಲಿ ಅರಗದಿರುವ ನಾರನ್ನು ಕೊಳೆಸಿ, ಅದರಿಂದ ಸಣ್ಣ ಆಮ್ಲಗಳನ್ನು ಹುಟ್ಟಿಸುವುವು. ದನವು ಬದುಕುವುದು ಮುಖ್ಯವಾಗಿ ಈ ಆಮ್ಲಗಳಿಂದ. ಹುಲ್ಲನ್ನು ತಿನ್ನುವುದು ದನವಾದರೂ ಉಣ್ಣುವುವು ಮೊದಲು ಈ ಜೀವಿಗಳು. ದನಕ್ಕೆ ಸಲ್ಲುವುದು ಅವು ಉಂಡು ಬಿಟ್ಟುದು, ಮತ್ತು ಸ್ವತಃ ಅವೇ.

ಎಣ್ಣೆಯ ವಿಷಯದಲ್ಲಿ ಈ ಜೀವಿಗಳು ಮಾಡುವ ಕೆಲಸ ವಿಶೇಷವಾದುದು. ಎಣ್ಣೆ ಕೊಬ್ಬುಗಳೆಲ್ಲ ಮೇದಾಮ್ಲಗಳೆಂಬ ಉದ್ದವಾದ ಇಂಗಾಲದ ಸರಪಣಿಗಳಿಂದ ಆಗಿವೆ. ಸರಪಣಿಗೆ ಎಷ್ಟು ಹಿಡಿಸುವುದೋ ಅಷ್ಟು ಜಲಜನಕವು ತುಂಬಿದ್ದರೆ ಅದು ಪರ್ಯಾಪ್ತ, ಕೊಬ್ಬು ಗಟ್ಟಿ. ತೆರವಿದ್ದರೆ ಅಪರ್ಯಾಪ್ತ, ಅದು ಎಣ್ಣೆಯಂತೆ ಹರಿಯುವುದು. ಹಸುರೆಲೆಯ ಲಿನೋಲೆನಿಕ್ ಆಮ್ಲದಲ್ಲಿ ಮೂರು ಕಡೆ ತೆರವು. ಹಿರಿಯ ಚೀಲದ ಸೂಕ್ಷ್ಮಜೀವಿಗಳಿಗೆ ಇದು ವಿಷಪ್ರಾಯವಾದುದರಿಂದ ಅವು ಆ ತೆರವುಗಳಿಗೆ ಜಲಜನಕವನ್ನು ತುಂಬಿ ಅದನ್ನು ಸ್ಟಿಯರಿಕ್ ಆಮ್ಲವನ್ನಾಗಿ ಮಾರ್ಪಡಿಸುವುವು. ಇಲ್ಲಿ ಹೆಸರುಗಳೇ ಕಥೆಯನ್ನು ಹೇಳುತ್ತವೆ. ‘ಲಿನೋಲೆನಿಕ್’ ಎಂಬುದು ಅಗಸೆಯ ಲ್ಯಾಟಿನ್ ಹೆಸರಾದ ‘ಲೀನುಂ’ ಎಂಬುದರಿಂದಲೂ, ‘ಸ್ಟಿಯರಿಕ್’ ಎಂಬುದು ಪಶುವಿನ ಗಟ್ಟಿ ಕೊಬ್ಬನ್ನು ಹೇಳುವ ಗ್ರೀಕ್ ಪದದಿಂದಲೂ ಬಂದುವು. ಮೇವಿನಲ್ಲಿರುವ ಲಿನೋಲೆನಿಕ್ ಆಮ್ಲದ ನೂರು ಪಾಲಿನಲ್ಲಿ ಎಂಬತ್ತೈದಕ್ಕೂ ಮೇಲ್ಪಟ್ಟು ಈ ಮಾರ್ಪಾಟಿಗೆ ಗುರಿಯಾಗುವುದೆಂದು ಲೆಕ್ಕ. ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಹಿಲ್ಡಿಚ್ ಎಂಬ ರಸಾಯನಶಾಸ್ತ್ರಜ್ಞರು ದನದ ಕೊಬ್ಬಿನ ರಚನೆಯನ್ನು ಶೋಧಿಸಿ, ಅದರ ಸ್ಟಿಯರಿಕ್ ಆಮ್ಲವು ಜಲಜನಕ ತುಂಬಿದುದರಿಂದಲೇ ಉಂಟಾಗಿರಬೇಕೆಂದು ೧೯೩೧ರಲ್ಲಿ ಊಹಿಸಿದರು. ಆ ಕಾರ್ಯವು ನಡೆಯುವುದು ಈ ಚೀಲದಲ್ಲೆಂಬುದನ್ನು ೧೯೫೧ರಲ್ಲಿ ರೈಸರ್ ಎಂಬವರು ಕುರಿಯ ಹೊಟ್ಟೆಯ ದ್ರವವನ್ನು ತೆಗೆದು ಪರೀಕ್ಷಿಸಿ ತೋರಿಸಿದರು.

ಹಾಗಾದರೆ ಮೇವಿನ ಗುರುತೆಲ್ಲ ಇಲ್ಲಿಯೇ ಅಳಿಸಿಹೋಗುವುದೋ ಎಂದರೆ, ಪೂರ್ಣವಾಗಿ ಹೋಗುವುದಿಲ್ಲ. ಸೂಕ್ಷ್ಮಜೀವಿಗಳ ಕೆಲಸ ಮುಗಿಯುವ ಮೊದಲೇ ಸ್ವಲ್ಪ ಭಾಗ ಮುಂದಿನ ಕೋಣೆಗೆ ಸಾಗಿಹೋಗುತ್ತದೆ. ಹೀಗೆ ಅರೆಗೆಲಸದಲ್ಲಿ ತಪ್ಪಿಸಿಕೊಂಡ ಆಮ್ಲಗಳಲ್ಲಿ ಮುಖ್ಯವಾದುದು ವ್ಯಾಕ್ಸೆನಿಕ್ ಆಮ್ಲ. ಹಸುವನ್ನು ಹೇಳುವ ‘ವಾಕ್ಕ’ ಎಂಬ ಲ್ಯಾಟಿನ್ ಶಬ್ದದಿಂದ ಅದಕ್ಕೆ ಈ ಹೆಸರು. ದನದ ಅಂಗಾಂಶಗಳು ಇದರಲ್ಲಿ ಒಂದು ಅಂಶವನ್ನು ಸಂಯುಗ್ಮ ಲಿನೋಲಿಯಿಕ್ ಆಮ್ಲವೆಂಬ ಮತ್ತೊಂದಾಗಿ ತಿರುಗಿಸುತ್ತವೆ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಮೈಕೇಲ್ ಪರೀಜಾ ಅವರು ಸುಟ್ಟ ಗೋಮಾಂಸದಲ್ಲಿ ಕ್ಯಾನ್ಸರಿಗೆ ಕಾರಣವಾಗುವ ದ್ರವ್ಯಗಳನ್ನು ಹುಡುಕುತ್ತ ಹೋಗಿ, ಅದಕ್ಕೆ ವಿರುದ್ಧವಾಗಿ ಅದನ್ನು ತಡೆಯುವ ಗುಣವಿದ್ದ ಈ ಆಮ್ಲವನ್ನು ಕಂಡರು. ೧೯೮೭ರಲ್ಲಿ ಅದರ ಸ್ವರೂಪವು ಗೊತ್ತಾಯಿತು. ಇಲಿಗಳಲ್ಲಿ ಕಂಡ ಈ ಫಲವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸುವುದು ಆತುರದ ಮಾತಾದೀತು. ಆದರೂ ಹಸುರು ಮೇದ ದನದಲ್ಲಿ ಇದು ಹೆಚ್ಚೆಂಬುದು ನಿಶ್ಚಿತ.

ಕಣ್ಣಿಗೆ ಎದ್ದುಕಾಣುವ ಭೇದವು ಕೊಬ್ಬಿನ ಬಣ್ಣದಲ್ಲಿದೆ. ಹಾಲಿನ ಕೊಬ್ಬಿನ ಹಳದಿಗೆ ಮೇವಿನ ಕ್ಯಾರೊಟೀನೇ ಮೂಲವೆಂದು ಅಮೆರಿಕಾದ ಮಿಸೌರಿಯಲ್ಲಿ ಪಾಮರ್ ಮತ್ತು ಎಕಲ್ಸ್ ಎಂಬವರು ೧೯೧೪ರಲ್ಲಿ ಸ್ಥಾಪಿಸಿದರು. ಹಸು ಈ ದ್ರವ್ಯವನ್ನು ಪೂರ್ಣವಾಗಿ ಏ-ಜೀವಸತ್ತ್ವವಾಗಿ ಮಾರ್ಪಡಿಸಲಾರದೆ ಮಿಕ್ಕುದನ್ನು ಕೊಬ್ಬಿನಲ್ಲಿ ಕೂಡಿಡುವುದು. ಎಮ್ಮೆ ಹೆಚ್ಚುಕಡಿಮೆ ಎಲ್ಲವನ್ನೂ ಮಾರ್ಪಡಿಸಿಬಿಡುವುದರಿಂದ ಅದರ ತುಪ್ಪ ಬಿಳಿ. ಬೆಣ್ಣೆಗೆ ಸಲ್ಲುವ ಈ ನ್ಯಾಯವೇ ಮೈಯ ಕೊಬ್ಬಿಗೂ ಸಲ್ಲುವುದು. ಹುಲ್ಲುಗಾವಲಿನಿಂದ ಬಂದ ದನದ ಕೊಬ್ಬು ಹಳದಿ. ಅದನ್ನು ಕಾಳಿನ ಮೇಲೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಬಿಳಿಚಿಕೊಳ್ಳುವುದು. ವಿಚಿತ್ರವೆಂದರೆ, ತುಪ್ಪದಲ್ಲಿ ನಾವು ಬಯಸುವ ಹಳದಿಯನ್ನೇ ಮಾಂಸದ ವರ್ತಕರು ಬಹುಕಾಲ ದೋಷವೆಂದು ಎಣಿಸಿದರು. ಹಳದಿ ಕೊಬ್ಬೆಂದರೆ ಹಾಲು ಬತ್ತಿದ ಮುದಿ ಹಸುವಿನ ಮಾಂಸವೆಂಬ ಸಂದೇಹ ಅವರದು. ಈಗ ಅದೇ ಬಣ್ಣವು ಕೆಲವರಿಗೆ ಶ್ರೇಷ್ಠತೆಯ ಗುರುತಾಗಿದೆ.

ಈ ವಿಷಯದಲ್ಲಿ ಜಪಾನಿನ ಪದ್ಧತಿಯನ್ನು ಕೊಂಚ ವಿವರವಾಗಿ ಹೇಳಬೇಕು. ಅಲ್ಲಿ ೬೭೫ರಲ್ಲಿ ತೆಮ್ಮು ಚಕ್ರವರ್ತಿಯು ದನ ಮೊದಲಾದ ಕೆಲವು ಪ್ರಾಣಿಗಳ ಮಾಂಸವನ್ನು ತಿನ್ನಕೂಡದೆಂದು ಶಾಸನ ಮಾಡಿದನು. ಬಹುಕಾಲ ದನವು ಉಳುವ ಪ್ರಾಣಿಯಾಗಿಯೇ ಉಳಿದಿತ್ತು. ೧೮೭೨ರಲ್ಲಿ ಮೇಜಿ ಚಕ್ರವರ್ತಿಯು ಗೋಮಾಂಸವನ್ನು ಸೇವಿಸಿದನೆಂಬ ವಾರ್ತೆ ಪ್ರಕಟವಾದ ಮೇಲೆ ಬಳಕೆ ಬೆಳೆಯಿತು. ಇಂದು ಪ್ರಸಿದ್ಧವಾಗಿರುವ ಅಲ್ಲಿಯ ಕಪ್ಪು ದನಗಳಿಗೆ ಹಾಕುವ ಒಣಮೇವು ಬತ್ತದ ಹುಲ್ಲು. ಅದರೊಡನೆ ಬಾರ್ಲಿ, ಮುಸುಕಿನ ಜೋಳ, ಬೂಸಾ. ಬತ್ತದ ಹುಲ್ಲಿನಲ್ಲಿ ಕ್ಯಾರೊಟೀನ್ ಇಲ್ಲವೆನ್ನುವಷ್ಟು ಅಲ್ಪವಾದುದರಿಂದ ಕೊಬ್ಬು ಅಚ್ಚಬಿಳಿಯಾಗುವುದು. ಅಷ್ಟೇ ಅಲ್ಲ, ಏ-ಜೀವಸತ್ತ್ವವು ಕಡಿಮೆಯಾದಾಗ ಮಾಂಸದೊಳಗೆ ಕೊಬ್ಬಿನ ಕಣಗಳು ಹೆಚ್ಚುವುವೆಂದು ಅಲ್ಲಿಯ ಸಂಶೋಧಕರು ತೋರಿಸಿರುವರು. ಅದಕ್ಕಾಗಿ ಕೊಬ್ಬಿಸುವ ಕಾಲದ ನಡುವಣ ತಿಂಗಳುಗಳಲ್ಲಿ ಈ ಸತ್ತ್ವವನ್ನು ಬೇಕೆಂದೇ ಕುಗ್ಗಿಸುವ ರೂಢಿಯುಂಟು. ಇದು ಮಿತಿಮೀರಿದರೆ ದನದ ಕಣ್ಣು ಹೋಗುವುದು, ಕಾಲುಗಳು ಬಾಯುವುವು. ತಟ್ಟೆಯ ಸೊಗಸಿಗಾಗಿ ಪಶುವನ್ನು ಕೊರತೆಯ ಅಂಚಿನಲ್ಲಿ ನಡೆಸುವ ಈ ಜಾಣ್ಮೆಯನ್ನು ಮೆಚ್ಚುವುದು ನನ್ನಿಂದಾಗದು.

ಮಾಂಸದೊಳಗೆ ಹೀಗೆ ಹರಡಿದ ಕೊಬ್ಬಿನ ಗೆರೆಗಳನ್ನು ಇಂಗ್ಲಿಷಿನಲ್ಲಿ ಅಮೃತಶಿಲೆಯ ಹೆಸರಿನಿಂದ ಕರೆಯುವರು. ಅಮೆರಿಕಾದ ಸರ್ಕಾರವು ೧೯೨೭ರಲ್ಲಿ ಗೋಮಾಂಸಕ್ಕೆ ದರ್ಜೆ ಕೊಡುವ ಏರ್ಪಾಟನ್ನು ತೊಡಗಿತು. ಅಲ್ಲಿಯ ದರ್ಜೆಗೆ ಮುಖ್ಯವಾದ ಒರೆಗಲ್ಲು ಈ ಗೆರೆಗಳೇ. ಕಾಳು ತಿಂದ ದನಕ್ಕೆ ಇವು ಏಕೆ ಹೆಚ್ಚು? ಹಿರಿಯ ಚೀಲದಲ್ಲಿ ಹುಲ್ಲಿನಿಂದ ಅಸಿಟಿಕ್ ಆಮ್ಲ ಅಧಿಕವಾಗಿ ಹುಟ್ಟುತ್ತದೆ. ಕಾಳಿನ ಪಿಷ್ಟದಿಂದ ಪ್ರೊಪಿಯೋನಿಕ್ ಆಮ್ಲದ ಪಾಲು ಹೆಚ್ಚುತ್ತದೆ. ಎರಡನೆಯದು ಪಿತ್ತಜನಕಾಂಗದಲ್ಲಿ ಗ್ಲೂಕೋಸ್ ಸಕ್ಕರೆಯಾಗುವುದು. ಚರ್ಮದ ಕೆಳಗಿನ ಕೊಬ್ಬು ಬಹುಮಟ್ಟಿಗೆ ಅಸಿಟಿಕ್ ಆಮ್ಲದಿಂದ ಕಟ್ಟಿಕೊಳ್ಳುವುದಾದರೆ, ಸ್ನಾಯುವಿನೊಳಗಿನ ಕೊಬ್ಬು ಈ ಸಕ್ಕರೆಯನ್ನು ಹೆಚ್ಚಾಗಿ ಬಳಸುವುದೆಂದು ಕಂಡುಬಂದಿದೆ. ಕಾಳು ಒದಗಿಸುವ ಶಕ್ತಿಯೂ ಹುಲ್ಲಿಗಿಂತ ಅಧಿಕ.

ಆದರೆ ಅಮೆರಿಕನ್ನರು ದನಕ್ಕೆ ಕಾಳು ಹಾಕತೊಡಗಿದುದು ರುಚಿಗಾಗಿ ಅಲ್ಲ, ದಾರಿಯ ದೆಸೆಯಿಂದ. ಒಹಾಯೊ ಪ್ರಾಂತದ ಸಯೋಟೊ ಕಣಿವೆಯಲ್ಲಿ ಮುಸುಕಿನ ಜೋಳ ಹೇರಳವಾಗಿ ಬೆಳೆಯುತ್ತಿತ್ತು. ಪೂರ್ವದ ಪಟ್ಟಣಗಳಿಗೆ ಬೆಟ್ಟಗಳನ್ನು ದಾಟಿಸಿ ಅದನ್ನು ಬಂಡಿಯಲ್ಲಿ ಹೇರುವುದು ಗಿಟ್ಟುತ್ತಿರಲಿಲ್ಲ. ಜೋಳವನ್ನು ದನಕ್ಕೆ ತಿನ್ನಿಸಿ ದನವನ್ನೇ ನಡೆಸಿಕೊಂಡು ಹೋದರೆ ಬೆಳೆ ತನ್ನ ಕಾಲಿನ ಮೇಲೆ ಸಂತೆಗೆ ಹೋದಂತಾಯಿತು. ಜಾರ್ಜ್ ರೆನಿಕ್ ಎಂಬವನು ೧೮೦೫ರಲ್ಲಿ ಹೀಗೆ ಒಂದು ಹಿಂಡನ್ನು ಬಾಲ್ಟಿಮೋರಿನವರೆಗೆ ಹೊಡೆಸಿದನು. ೧೯೪೫ರ ಈಚೆಗೆ ಸಂಕರ ಬೀಜ, ರಾಸಾಯನಿಕ ಗೊಬ್ಬರ, ನೆಲದಡಿಯಿಂದ ಎತ್ತಿದ ನೀರು ಇವುಗಳಿಂದ ಜೋಳವು ಅಗ್ಗವಾಗಿ, ಟೆಕ್ಸಸ್, ಕಾನ್ಸಸ್, ನೆಬ್ರಾಸ್ಕ ಪ್ರಾಂತಗಳಲ್ಲಿ ಸಾವಿರಾರು ದನಗಳನ್ನು ಒಂದೆಡೆ ಕೂಡಿ ಕೊಬ್ಬಿಸುವ ದೊಡ್ಡ ಅಂಗಳಗಳು ಎದ್ದುವು. ಕರುವು ಆರೇಳು ತಿಂಗಳು ತಾಯಿಯೊಡನೆ, ಅನಂತರ ಕೆಲವು ತಿಂಗಳು ಹುಲ್ಲಿನ ಮೇಲೆ ಇದ್ದು, ಕೊನೆಗೆ ನಾಲ್ಕರಿಂದ ಆರು ತಿಂಗಳು ಅಂಗಳದಲ್ಲಿ ನಿಂತು, ದಿನಕ್ಕೆ ಸುಮಾರು ಒಂದೂವರೆ ಕಿಲೋಗ್ರಾಮ್ ಮೈ ಹಿಡಿಯುವುದು. ಹುಲ್ಲಿನ ಮೇಲೆಯೇ ಬಲಿತ ದನಕ್ಕೆ ಎರಡು, ಎರಡೂವರೆ ವರ್ಷ ಹಿಡಿಯುವುದುಂಟು. ಕಾಳು ಅತಿಯಾದರೆ ಹಿರಿಯ ಚೀಲವು ಹುಳಿಯೇರಿ, ಅದರ ಒಳಪೊರೆ ಕೆಟ್ಟು, ಪಿತ್ತಜನಕಾಂಗದಲ್ಲಿ ಕೀವಿನ ಗಡ್ಡೆಗಳೇಳುವುವು. ಇದಕ್ಕಾಗಿ ಮೇವಿನೊಡನೆ ಔಷಧಗಳನ್ನು ಬೆರಸುವುದು ಅಂಗಳಗಳ ವಾಡಿಕೆಯಾಗಿದೆ.

ರುಚಿಯ ವಿಚಾರಕ್ಕೆ ಬಂದರೆ ಅಭ್ಯಾಸವೇ ಬಲವತ್ತರ. ಹಸುರು ಮೇದ ದನದ ಮಾಂಸದಲ್ಲಿ ಲಿನೋಲೆನಿಕ್ ಆಮ್ಲದಿಂದ ಹುಟ್ಟುವ ವಾಸನೆಯೂ, ಮೇವಿನ ಸಸಾರಜನಕವು ಹೊಟ್ಟೆಯಲ್ಲಿ ಒಡೆದು ಹುಟ್ಟುವ ಸ್ಕಟೋಲ್ ಎಂಬ ದ್ರವ್ಯದ ವಾಸನೆಯೂ ಇರುವುವು. ಕಾಳಿನ ಮಾಂಸಕ್ಕೆ ಪಳಗಿದ ನಾಲಗೆ ಅದನ್ನು ‘ಕಾಡುವಾಸನೆ’ ಎನ್ನುವುದು, ಹುಲ್ಲಿನ ಮಾಂಸಕ್ಕೆ ಪಳಗಿದ ನಾಲಗೆ ಇದನ್ನು ಸಪ್ಪೆಯೆನ್ನುವುದು. ಅರ್ಜೆಂಟೀನದವರಿಗೆ ತಮ್ಮ ಪಾಂಪಾ ಬಯಲಿನ ಹುಲ್ಲಿನ ಮಾಂಸವೇ ಬಹುಕಾಲ ರುಚಿಯ ಅಳತೆಯಾಗಿದ್ದಿತು. ಸೋಯಾ ಬೆಳೆ ಹುಲ್ಲುಗಾವಲನ್ನು ಆಕ್ರಮಿಸಿದ ಮೇಲೆ ಅಲ್ಲಿಯೂ ಕಾಳಿನ ಅಂಗಳಗಳು ಹಬ್ಬಿವೆ. ಮೇವಿಗೆ ಆರೋಪಿಸುವ ಗುಣದೋಷಗಳಲ್ಲಿ ಹಲವು ವಯಸ್ಸಿಗೆ ಸೇರಿದುವೆಂಬುದನ್ನೂ ಮರೆಯಬಾರದು. ಹುಲ್ಲಿನ ದನ ನಿಧಾನವಾಗಿ ಬಲಿಯುವುದರಿಂದ ಅದರ ಮಾಂಸ ಹೆಚ್ಚು ಕಪ್ಪುಗೆಂಪು, ಕೆಲವೊಮ್ಮೆ ಹೆಚ್ಚು ಬಿಗಿ. ಆದರೆ ಆ ಕೆಂಪು ಬೇಗ ಕಂದದಿರುವುದು ಮಾತ್ರ ಮೇವಿನ ಗುಣವೇ. ಹಸುರಿನ ಈ-ಜೀವಸತ್ತ್ವವು ಮಾಂಸದ ಕೆಂಪನ್ನು ಗಾಳಿಯಿಂದ ಕಾಪಾಡುವುದು. ಇದನ್ನು ತಿಳಿದು ಕಾಳಿನೊಡನೆಯೂ ಆ ಸತ್ತ್ವವನ್ನು ಬೆರಸುವುದುಂಟು.

ಆರೋಗ್ಯದ ಹೆಸರಿನಲ್ಲಿ ಹೇಳುವ ಮಾತುಗಳನ್ನು ಅಳತೆಯಿಟ್ಟು ನೋಡಬೇಕು. ಒಮೇಗ-೬ ಮತ್ತು ಒಮೇಗ-೩ ಎಂಬ ಎರಡು ವರ್ಗದ ಮೇದಾಮ್ಲಗಳ ಪ್ರಮಾಣವು ಹುಲ್ಲಿನ ಮಾಂಸದಲ್ಲಿ ಸರಾಸರಿ ಒಂದೂವರೆಗೆ ಒಂದು, ಕಾಳಿನ ಮಾಂಸದಲ್ಲಿ ಏಳೂವರೆಗೆ ಒಂದು ಎಂದು ೨೦೧೦ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಲೆಕ್ಕಹಾಕಿದೆ. ಪ್ರಮಾಣದಲ್ಲಿ ಭೇದ ದೊಡ್ಡದೇ ಸರಿ, ತೂಕದಲ್ಲಿ? ನೂರು ಗ್ರಾಮ್ ಹುಲ್ಲಿನ ಮಾಂಸದಲ್ಲಿ ಒಮೇಗ-೩ ವರ್ಗದ ಆಮ್ಲ ನೂರು ಮಿಲಿಗ್ರಾಮಿನ ಆಸುಪಾಸು, ಬಹುವೇಳೆ ಅದಕ್ಕೂ ಕಡಿಮೆ. ಉತ್ತರ ಕರ್ಣಾಟಕದ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಬೀಳುವ ಹತ್ತು ಗ್ರಾಮ್ ಅಗಸೆಯ ಪುಡಿಯಲ್ಲಿ ಎರಡು ಸಾವಿರ ಮಿಲಿಗ್ರಾಮ್. ಅಗಸೆಯ ಹೆಸರನ್ನು ಹೊತ್ತ ಆಮ್ಲವನ್ನು ಗೋಮಾಂಸದಲ್ಲಿ ಅರಸುವುದು ಸುತ್ತುದಾರಿಯೆಂದು ಇದರಿಂದಲೇ ತಿಳಿಯಬಹುದು.

ಮೇವು ಮಾಂಸವನ್ನು ಕೆಡಿಸಬಲ್ಲ ಘೋರವಾದ ಬಗೆಯೊಂದುಂಟು. ಬ್ರಿಟನ್ನಿನಲ್ಲಿ ೧೯೮೬ರ ನವೆಂಬರಿನಲ್ಲಿ ದನಗಳ ಮೆದುಳು ಸ್ಪಂಜಿನಂತೆ ತೂತುಬೀಳುವ ಹೊಸ ರೋಗವೊಂದನ್ನು ಗುರುತಿಸಿದರು. ಕಸಾಯಿಖಾನೆಯ ಉಳಿಕೆಗಳನ್ನು ಬೇಯಿಸಿ ಮಾಡಿದ ಮಾಂಸ ಮತ್ತು ಎಲುಬಿನ ಪುಡಿಯನ್ನು ಸಸಾರಜನಕಕ್ಕಾಗಿ ಕರುಗಳ ತಿಂಡಿಯಲ್ಲಿ ಬೆರಸುತ್ತಿದ್ದುದೇ ಅದು ಹರಡಲು ಕಾರಣ. ಹುಲ್ಲು ತಿನ್ನುವ ದನಕ್ಕೆ ದನವನ್ನೇ ತಿನ್ನಿಸಿದಂತಾಗಿತ್ತು. ರೋಗದ ಬೀಜವು ಪ್ರಿಯಾನ್ ಎಂಬ ಮಡಿಕೆತಪ್ಪಿದ ಸಸಾರಜನಕ ವಸ್ತು. ಬೇಯಿಸುವ ಕಾವಿಗೂ ಅದು ಅಳಿಯದು, ಹೊಟ್ಟೆಯಲ್ಲಿಯೂ ಅರಗದು. ಲಿನೋಲೆನಿಕ್ ಆಮ್ಲವನ್ನು ಬಿಡದೆ ಮಾರ್ಪಡಿಸುವ ಆ ಹಿರಿಯ ಚೀಲ ಇದರ ಮುಂದೆ ನಿರುಪಯುಕ್ತವಾಯಿತು. ಹುಲ್ಲುಗಾವಲಿನ ಮಾಂಸದ ಹಿಂಡುಗಳಿಗಿಂತ, ಇಂತಹ ತಿಂಡಿಯನ್ನು ಹೆಚ್ಚಾಗಿ ತಿಂದ ಹಾಲಿನ ಹಿಂಡುಗಳಲ್ಲಿ ರೋಗ ಅಧಿಕವಾಗಿದ್ದಿತು. ೧೯೮೮ರ ಜುಲೈಯಲ್ಲಿ ಅಂತಹ ಪುಡಿಯನ್ನು ಮೆಲುಕುಹಾಕುವ ಪ್ರಾಣಿಗಳಿಗೆ ಹಾಕಕೂಡದೆಂದು ಅಪ್ಪಣೆಯಾಯಿತು. ಮನುಷ್ಯರಲ್ಲಿ ಕಂಡ ಹೊಸ ಬಗೆಯ ಮೆದುಳಿನ ರೋಗಕ್ಕೂ ಇದಕ್ಕೂ ಸಂಬಂಧವಿರುವ ಸಂಭವವುಂಟೆಂದು ಸರ್ಕಾರವು ಒಪ್ಪಿದುದು ೧೯೯೬ರ ಮಾರ್ಚಿ ೨೦ರಂದು. ಅಲ್ಲಿಯವರೆಗೆ ಮಾಂಸವು ಸುರಕ್ಷಿತವೆಂದೇ ಸಾರಲಾಗುತ್ತಿತ್ತು. ಬ್ರಿಟನ್ನಿನಲ್ಲಿ ೧,೮೦,೦೦೦ಕ್ಕೂ ಮೇಲ್ಪಟ್ಟು ದನಗಳಲ್ಲಿ ಈ ರೋಗ ದೃಢಪಟ್ಟಿತು. ಅಲ್ಲಿ ಮನುಷ್ಯರ ರೋಗದಿಂದ ಸತ್ತವರು ೧೭೮ ಮಂದಿ. ಸೋಂಕು ಇದ್ದುದು ಸ್ನಾಯುವಿನಲ್ಲಿ ಅಲ್ಲ, ಮುಖ್ಯವಾಗಿ ಮೆದುಳು ಬೆನ್ನುಹುರಿಗಳಲ್ಲಿ. ಯಂತ್ರದಿಂದ ಎಲುಬಿಗೆ ಅಂಟಿದುದನ್ನೆಲ್ಲ ಕಿತ್ತು ಅಗ್ಗದ ತಿಂಡಿಗಳಿಗೆ ಸೇರಿಸುವ ರೂಢಿಯ ಮೂಲಕ ಅದು ತಟ್ಟೆಗೆ ಬಂದಿರಬೇಕೆಂದು ಹೇಳುವರು. ದನವು ಏನನ್ನು ತಿಂದಿತೆಂಬುದನ್ನು ಕೊಳ್ಳುವವನಿಗೆ ತಿಳಿಸುವ ಗುರುತು ಆಗ ಯಾವ ಪೊಟ್ಟಣದ ಮೇಲೂ ಇರಲಿಲ್ಲ. ಎಷ್ಟೋ ಮಂದಿ ರೈತರಿಗೇ ಅದು ತಿಳಿದಿರಲಿಲ್ಲ.

ಈಗ ಗುರುತು ಇದೆ. ಅದರ ಅರ್ಥ ಮಾತ್ರ ಸ್ಥಿರವಾಗಿಲ್ಲ. ಅಮೆರಿಕಾದ ಕೃಷಿ ಇಲಾಖೆಯು ೨೦೦೭ರಲ್ಲಿ ‘ಗ್ರಾಸ್ ಫೆಡ್’ ಎಂಬುದಕ್ಕೆ ಲಕ್ಷಣವನ್ನು ಕಟ್ಟಿತು: ತಾಯಹಾಲು ಬಿಟ್ಟ ಮೇಲೆ ಆಜೀವಪರ್ಯಂತ ಹುಲ್ಲು ಸೊಪ್ಪುಗಳೇ ಆಹಾರವಾಗಿರಬೇಕು, ಕಾಳು ಕೂಡದು, ಹುಲ್ಲು ಬೆಳೆಯುವ ಕಾಲದಲ್ಲಿ ಬಯಲಿಗೆ ಹೋಗಿಬರಲು ತಡೆಯಿರಬಾರದು. ೨೦೧೬ರ ಜನವರಿಯಲ್ಲಿ ಆ ಲಕ್ಷಣವನ್ನು ಇಲಾಖೆಯೇ ಹಿಂತೆಗೆದುಕೊಂಡಿತು. ಅನಂತರ ಮಾರುವವನು ತಾನು ಕೊಡುವ ಅರ್ಥವನ್ನೂ ಅದಕ್ಕೆ ತಕ್ಕ ಕಾಗದಪತ್ರಗಳನ್ನೂ ಮತ್ತೊಂದು ಕಚೇರಿಗೆ ಒಪ್ಪಿಸಿ ಅನುಮತಿ ಪಡೆಯುವ ಏರ್ಪಾಟು ಉಳಿಯಿತು. ಲಕ್ಷಣಗ್ರಂಥವಿಲ್ಲದೆ ಪ್ರಯೋಗ ಮಾತ್ರ ಉಳಿದ ಶಬ್ದದ ಗತಿಯೇನೆಂಬುದು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಕೊಳ್ಳುವವನು ಬಣ್ಣವನ್ನು ನೋಡಿ ನಿರ್ಣಯಿಸೋಣವೆಂದರೆ, ಮೇವಿನ ಹಳದಿ ಚೆನ್ನಾಗಿ ತೋರುವ ಹೊರಗೊಬ್ಬನ್ನು ಅಂಗಡಿಯವರು ಬಹುಮಟ್ಟಿಗೆ ಕೊಯ್ದು ತೆಗೆದೇ ಪೊಟ್ಟಣ ಕಟ್ಟುವರು.

ಮಾತಿಗೆ ಹೊರತಾದ ಸಾಕ್ಷಿಯೊಂದು ಇಂಗಾಲದಲ್ಲಿಯೇ ಅಡಗಿದೆ. ಮುಸುಕಿನ ಜೋಳವು ಗಾಳಿಯಿಂದ ಇಂಗಾಲವನ್ನು ಹೀರುವ ಕ್ರಮವು ಶೀತಲ ದೇಶಗಳ ಹುಲ್ಲಿನ ಕ್ರಮಕ್ಕಿಂತ ಬೇರೆ. ಅದರಿಂದ ಜೋಳದಲ್ಲಿ ಇಂಗಾಲದ ಭಾರವಾದ ಬಗೆ ತುಸು ಹೆಚ್ಚಾಗಿ ಸೇರುವುದು. ದನದ ಮಾಂಸದಲ್ಲಿಯೂ ಬಾಲದ ಕೂದಲಿನಲ್ಲಿಯೂ ಆ ಭೇದವು ಹಾಗೆಯೇ ಉಳಿಯುವುದರಿಂದ, ಕೂದಲನ್ನು ತುದಿಯಿಂದ ಬುಡದವರೆಗೆ ತುಂಡುತುಂಡಾಗಿ ಪರೀಕ್ಷಿಸಿ, ಜೋಳವು ಯಾವಾಗ ಮೇವಿಗೆ ಸೇರಿತೆಂಬುದನ್ನು ತಿಳಿಯಬಹುದು. ಐರ್ಲೆಂಡಿನಂತಹ ದೇಶದಲ್ಲಿ ಈ ಪರೀಕ್ಷೆಗೆ ಬೆಲೆಯುಂಟು. ಉಷ್ಣದೇಶಗಳಲ್ಲಿ ಮಾತ್ರ ಇದು ಸಲ್ಲದು. ಉತ್ತರ ಆಸ್ಟ್ರೇಲಿಯದ ಬಯಲಿನ ಹುಲ್ಲುಗಳಲ್ಲಿ ಹೆಚ್ಚಿನವು ಜೋಳದ ಕ್ರಮದವೇ. ನಮ್ಮ ಬಿಳಿಜೋಳ, ರಾಗಿಗಳು ಕೂಡ ಆ ವರ್ಗಕ್ಕೇ ಸೇರಿದುವು.